“ವಿಮೆನ್ಸ್ ಹಾಸ್ಟೆಲ್” ಬೋರ್ಡಿನಲ್ಲಿ ಮೇಲಿನ ಕಾಮಾ ಎಲ್ಲಿ ಬರಬೇಕು?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಫ್ಲೆಕ್ಸ್ ಮತ್ತು ಬೋರ್ಡ್ ಮಾಡುವ ಅಂಗಡಿ. ಇಂಗ್ಲಿಷಿನಲ್ಲಿ ಮೆನ್ಸ್, ವಿಮೆನ್ಸ್, ಚಿಲ್ಡ್ರನ್ಸ್ ಅಂತ ಬರೆಯುವಾಗ ಮೇಲಿನ ಕಾಮಾ ಎಸ್‌ಗಿಂತ ಮೊದಲು ಬರಬೇಕೋ, ಆಮೇಲೆ ಬರಬೇಕೋ ಗೊತ್ತಾಗುವುದಿಲ್ಲ. ಬಹುವಚನ ಆದರೆ ಎಸ್ ಆದಮೇಲೆ ಅಂತ ಶಾಲೆಯಲ್ಲಿ ಕಲಿತಿದ್ದೆ. ಅದರಂತೆಯೇ ಒಂದು ವಿಮೆನ್ಸ್ ಹಾಸ್ಟೆಲ್ ಬೋರ್ಡ್ ಮಾಡಿಕೊಟ್ಟೆ, ತಪ್ಪಾಗಿದೆ ಅಂತ ವಾಪಸ್ ಕಳಿಸಿದರು. ಬಾಯ್ಸ್ ಹಾಸ್ಟೆಲ್‌ಗೆ ಸರಿಯಾಗಿದ್ದು ವಿಮೆನ್ಸ್ ಹಾಸ್ಟೆಲ್‌ಗೆ ಯಾಕೆ ತಪ್ಪು? ಕೆಲವರು ಕಾಮಾನೇ ಬೇಡ ಅಂತಾರೆ, ಅದು ಸರಿನಾ? ಮನೆಯಲ್ಲಿ ಮಗಳು “ಶೀಪ್” ಪದಕ್ಕೆ ಏನು ಮಾಡಬೇಕು ಅಂತ ಕೇಳುತ್ತಾಳೆ, ಅದನ್ನೂ ಸ್ವಲ್ಪ ಹೇಳಿ.

ಉತ್ತರ: ನಿಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದು ಅರ್ಧ ನಿಯಮ. ಏಕವಚನಕ್ಕೆ ಎಸ್‌ಗಿಂತ ಮೊದಲು, ಬಹುವಚನಕ್ಕೆ ಎಸ್ ಆದಮೇಲೆ ಎಂದು ನಮ್ಮ ಕಡೆ ಎಲ್ಲ ಶಾಲೆಗಳಲ್ಲೂ ಬಾಯಿಪಾಠ ಮಾಡಿಸುತ್ತಾರೆ. ಬಾಯ್, ಗರ್ಲ್, ಟೀಚರ್, ಫಾರ್ಮರ್ ಥರದ ಪದಗಳಿಗೆ ಇದು ಸರಿಹೋಗುತ್ತದೆ. ಇಂಗ್ಲಿಷಿನ ಬಹುಪಾಲು ನಾಮಪದಗಳು ಇದೇ ಜಾತಿಯವು, ಬಹುವಚನ ಆದಾಗ ಕೊನೆಗೆ ಎಸ್ ಬಂದು ಕೂರುತ್ತದೆ. ಹಾಗಾಗಿ ಈ ಅರ್ಧ ನಿಯಮ ಹಿಡಿದುಕೊಂಡವರಿಗೂ ವರ್ಷಗಟ್ಟಲೆ ಏನೂ ತೊಂದರೆ ಆಗುವುದಿಲ್ಲ. ಮೆನ್, ವಿಮೆನ್, ಚಿಲ್ಡ್ರನ್ ಬಂದಾಗ ಮಾತ್ರ ಅದು ಕೈಕೊಡುತ್ತದೆ. ನಿಮ್ಮ ಕೆಲಸದಲ್ಲಿ ದಿನಾ ಬರುವುದು ಈ ಮೂರೇ ಪದಗಳು, ಅಲ್ವಾ? ಹಾಸ್ಟೆಲ್, ಬಟ್ಟೆ ಅಂಗಡಿ, ಮಕ್ಕಳ ಕ್ಲಿನಿಕ್, ಶೌಚಾಲಯ, ಎಲ್ಲ ಕಡೆಯೂ ಇವೇ.

ಪೂರ್ತಿ ನಿಯಮ ಹೀಗಿದೆ. ಮೊದಲು ಬಹುವಚನ ಮಾಡಿ ಮುಗಿಸಿ. ಆಗ ಅಪಾಸ್ಟ್ರಫಿ, ಅಂದರೆ ನೀವು ಹೇಳುವ ಮೇಲಿನ ಕಾಮಾ, ಇನ್ನೂ ತಲೆಗೆ ಬರಬಾರದು. ಬಹುವಚನದ ಪದ ಕೈಯಲ್ಲಿ ಸಿದ್ಧವಾದ ಮೇಲೆ ಅದರ ಕೊನೆಯ ಅಕ್ಷರ ನೋಡಿ. ಎಸ್ ಇದ್ದರೆ ಆ ಎಸ್ ಆದಮೇಲೆ ಬರೀ ಅಪಾಸ್ಟ್ರಫಿ ಹಾಕಿ. ಎಸ್ ಇಲ್ಲದಿದ್ದರೆ ಅಪಾಸ್ಟ್ರಫಿ ಹಾಕಿ, ಅದು ಆದಮೇಲೆ ಎಸ್ ಸೇರಿಸಿ. ಬಾಯ್ ಬಹುವಚನ ಬಾಯ್ಸ್. ಕೊನೆಗೆ ಎಸ್ ಇದೆ. ಆದ್ದರಿಂದ ಬಾಯ್ಸ್’. ವುಮನ್ ಬಹುವಚನ ವಿಮೆನ್. ಕೊನೆಯ ಅಕ್ಷರ ಎನ್. ಆದ್ದರಿಂದ ವಿಮೆನ್’ಸ್. ಚಿಲ್ಡ್ರನ್ ಕೊನೆಗೂ ಎನ್, ಮೆನ್ ಕೊನೆಗೂ ಎನ್. ಚಿಲ್ಡ್ರನ್’ಸ್, ಮೆನ್’ಸ್.

ಕನ್ನಡದಲ್ಲಿ ನಾವು ಹೀಗೇ ಮಾಡುತ್ತೇವೆ, ಗಮನಿಸಿರುವುದಿಲ್ಲ ಅಷ್ಟೇ. ಮಗು ಎನ್ನುವುದು ಬಹುವಚನದಲ್ಲಿ ಮಗುಗಳು ಆಗುವುದಿಲ್ಲ, ಮಕ್ಕಳು ಆಗುತ್ತದೆ. ಷಷ್ಠಿ ವಿಭಕ್ತಿ ಸೇರಿಸುವಾಗ ಮಕ್ಕಳು ಆದಮೇಲೆ ತಾನೇ ಸೇರಿಸುತ್ತೇವೆ? ಮಗು, ಮಕ್ಕಳು, ಮಕ್ಕಳ. ಚೈಲ್ಡ್, ಚಿಲ್ಡ್ರನ್, ಚಿಲ್ಡ್ರನ್’ಸ್. ಮೆಟ್ಟಿಲು ಒಂದೇ, ಕ್ರಮವೂ ಒಂದೇ. ಮಕ್ಕಳಿಗೆ ಪಾಠ ಹೇಳುವಾಗ ನಾನು ಮೊದಲು ಕನ್ನಡದ ಮೂರು ರೂಪ ಬರೆಸಿ, ಪಕ್ಕದಲ್ಲೇ ಇಂಗ್ಲಿಷಿನ ಮೂರು ರೂಪ ಬರೆಸುತ್ತೇನೆ. ಅಲ್ಲಿಂದ ಮುಂದೆ ಅವರು ಎಸ್ ಹಿಂದೆ ಮುಂದೆ ಅಂತ ಕೇಳುವುದನ್ನೇ ಬಿಡುತ್ತಾರೆ. ಮಗಳ ಹತ್ತಿರವೂ ಹಾಗೆ ಬರೆಸಿ ನೋಡಿ.

ಈಗ ನಿಮ್ಮ ಹಾಸ್ಟೆಲ್ ಬೋರ್ಡಿಗೆ ಬರೋಣ. ಅಪಾಸ್ಟ್ರಫಿ ಇರುವ ಯಾವ ಪದವಾದರೂ ಸರಿ, ಅಪಾಸ್ಟ್ರಫಿಯಿಂದ ಬಲಕ್ಕೆ ಇರುವುದನ್ನೆಲ್ಲ ಹೆಬ್ಬೆರಳಿನಿಂದ ಮುಚ್ಚಿ. ಎಡಗಡೆ ಉಳಿಯುವುದು ಒಂದು ಪೂರ್ತಿ ಪದ ಆಗಿರಬೇಕು. ವಸ್ತು ಯಾರದೋ ಅವರ ಹೆಸರೇ ಆಗಿರಬೇಕು. ಬಾಯ್ಸ್’ ಹಾಸ್ಟೆಲ್‌ನಲ್ಲಿ ಎಡಕ್ಕೆ ಉಳಿಯುವುದು ಬಾಯ್ಸ್, ಹುಡುಗರು. ಸರಿಯಾಗಿದೆ. ಅಪಾಸ್ಟ್ರಫಿಯನ್ನು ಎಸ್‌ಗಿಂತ ಮೊದಲೇ ಹಾಕಿದ್ದರೆ ಎಡಕ್ಕೆ ಬಾಯ್ ಉಳಿಯುತ್ತಿತ್ತು, ಆಗ ಅದು ಒಬ್ಬನೇ ಹುಡುಗನ ಹಾಸ್ಟೆಲ್. ನೀವು ಮಾಡಿದ ಬೋರ್ಡಿನಲ್ಲಿ ಅಪಾಸ್ಟ್ರಫಿ ಎಸ್ ಆದಮೇಲೆ ಇತ್ತು. ಮುಚ್ಚಿದರೆ ಎಡಕ್ಕೆ ವಿಮೆನ್ ಜೊತೆಗೆ ಒಂದು ಎಸ್ ಉಳಿಯುತ್ತದೆ. ಆ ಪದ ಇಂಗ್ಲಿಷಿನಲ್ಲೇ ಇಲ್ಲ. ವಿಮೆನ್ ಅಂದರೇನೇ ಹೆಂಗಸರು, ಅದಕ್ಕೆ ಇನ್ನೊಂದು ಬಹುವಚನ ಇಲ್ಲ. ಅವರು ವಾಪಸ್ ಕಳಿಸಿದ್ದು ಇದಕ್ಕೇ.

ಬೋರ್ಡ್ ಇನ್ನೂ ನಿಮ್ಮ ಹತ್ತಿರವೇ ಇದ್ದರೆ ಪೂರ್ತಿ ಹೊಸದು ಮಾಡಬೇಕಿಲ್ಲ. ಕೊನೆಯ ಅಪಾಸ್ಟ್ರಫಿ ಮೇಲೆ ಹಿನ್ನೆಲೆ ಬಣ್ಣದ ಸ್ಟಿಕ್ಕರ್ ಅಂಟಿಸಿ. ಎನ್ ಮತ್ತು ಎಸ್ ನಡುವೆ ಮೇಲ್ಗಡೆ ಒಂದು ಅಪಾಸ್ಟ್ರಫಿ ಕತ್ತರಿಸಿ ಹಚ್ಚಿ. ಅದು ಅಕ್ಷರದ ತಲೆಯ ಮಟ್ಟದಲ್ಲಿ ಕೂರುವುದರಿಂದ ಜಾಸ್ತಿ ಜಾಗ ಕೇಳುವುದಿಲ್ಲ. ಹಚ್ಚುವಾಗ ಬಾಲ ಎಡಕ್ಕೆ ಬಾಗಿರಲಿ, ಇಂಗ್ಲಿಷ್ ಅಂಕಿ 9ರ ಹಾಗೆ. ಬೋರ್ಡಿನಲ್ಲಿ ಎಲ್ಲ ದೊಡ್ಡಕ್ಷರ ಇದ್ದರೂ ಅಪಾಸ್ಟ್ರಫಿ ಬೇಕೇ ಬೇಕು. ದೊಡ್ಡಕ್ಷರದಲ್ಲಿ ಬರೆದರೆ ಬಿಡಬಹುದು ಎಂದು ಕೆಲವು ಡಿಸೈನರ್‌ಗಳು ಅಂದುಕೊಂಡಿದ್ದಾರೆ. ಅಂಥ ನಿಯಮ ಯಾವುದೂ ಇಲ್ಲ.

ಅಂದಹಾಗೆ, ಇದೇ ಬೋರ್ಡಿನಲ್ಲಿ ಇನ್ನೊಂದು ತಪ್ಪೂ ನಡೆಯುತ್ತದೆ. ಇ ಇರಬೇಕಾದ ಕಡೆ ಎ ಹಾಕಿ ವುಮನ್’ಸ್ ಅಂತ ಬರೆದುಬಿಡುತ್ತಾರೆ. ಅಪಾಸ್ಟ್ರಫಿ ಸರಿಯಾದ ಜಾಗದಲ್ಲೇ ಇರುತ್ತದೆ, ಪದ ಏಕವಚನ ಆಗಿರುತ್ತದೆ. ಓಬವ್ವನ ಧೈರ್ಯದ ಬಗ್ಗೆ ಬರೆಯುವಾಗ ವುಮನ್’ಸ್ ಕರೇಜ್ ಅನ್ನಿ, ಕಿಂಡಿಯ ಹತ್ತಿರ ಒನಕೆ ಹಿಡಿದು ನಿಂತವಳು ಒಬ್ಬಳೇ. ಓಬವ್ವನ ಹೆಸರಿಟ್ಟುಕೊಂಡ ಮಹಿಳಾ ಸಂಘದ ಬೋರ್ಡಾದರೆ ವಿಮೆನ್’ಸ್. ಆ ಒಂದು ಅಕ್ಷರದಲ್ಲಿ ಒಬ್ಬಳು ಮತ್ತು ಎಲ್ಲರೂ ಎನ್ನುವ ವ್ಯತ್ಯಾಸ ಇದೆ, ಗ್ರಾಹಕರು ಬರೆದುಕೊಟ್ಟ ಚೀಟಿಯಲ್ಲಿ ಮೊದಲು ಅದನ್ನೇ ನೋಡಿ.

ಅಪಾಸ್ಟ್ರಫಿನೇ ಬೇಡ ಎನ್ನುವವರ ಮಾತಿನಲ್ಲಿ ಸ್ವಲ್ಪ ನಿಜ ಇದೆ, ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ. ಬಾಯ್ಸ್ ಹಾಸ್ಟೆಲ್, ಗರ್ಲ್ಸ್ ಹೈಸ್ಕೂಲ್, ಲೇಡೀಸ್ ಟೈಲರ್, ಜೆಂಟ್ಸ್ ಪಾರ್ಲರ್, ಇವನ್ನು ಅಪಾಸ್ಟ್ರಫಿ ಇಲ್ಲದೆ ಬರೆದರೂ ನಡೆಯುತ್ತದೆ. ಬಾಯ್ಸ್ ಅನ್ನುವುದು ತಾನೇ ಒಂದು ಪದ. ಅದು ಹಾಸ್ಟೆಲ್ ಮುಂದೆ ಬರೀ ಗುರುತಿಗೆ ನಿಂತಿದೆ, ಯಾರಿಗಾಗಿ ಇರುವ ಹಾಸ್ಟೆಲ್ ಎಂದು ಹೇಳುತ್ತಿದೆ. ಇಂಗ್ಲಿಷ್ ಬಲ್ಲವರಲ್ಲೂ ಇಲ್ಲಿ ಎರಡು ಅಭ್ಯಾಸ ಇವೆ, ಕೆಲವರು ಅಪಾಸ್ಟ್ರಫಿ ಹಾಕುತ್ತಾರೆ, ಕೆಲವರು ಬಿಡುತ್ತಾರೆ. ಎರಡರಲ್ಲಿ ಯಾವುದನ್ನಾದರೂ ಹಿಡಿಯಿರಿ. ಆದರೆ ಮೆನ್, ವಿಮೆನ್, ಚಿಲ್ಡ್ರನ್ ಪದಗಳಿಗೆ ಈ ಸಲುಗೆ ಇಲ್ಲ. ಅಪಾಸ್ಟ್ರಫಿ ತೆಗೆದರೆ ಉಳಿಯುವುದು ಪದವೇ ಅಲ್ಲ ಎಂದು ಹೆಬ್ಬೆರಳಿನ ಪರೀಕ್ಷೆಯಲ್ಲೇ ನೋಡಿದೆವಲ್ಲ, ಅದೇ ಕಾರಣ. ಬಾಯ್ಸ್ ಹಾಸ್ಟೆಲ್‌ನಲ್ಲಿ ಬಿಟ್ಟಿದ್ದೇವೆ, ಪಕ್ಕದ ವಿಮೆನ್ಸ್ ಹಾಸ್ಟೆಲ್‌ನಲ್ಲೂ ಬಿಡೋಣ, ಎರಡು ಬೋರ್ಡೂ ಒಂದೇ ಥರ ಕಾಣಲಿ ಅನ್ನುವ ಗ್ರಾಹಕರು ಸಿಗುತ್ತಾರೆ. ಅವರಿಗೆ ಎರಡರಲ್ಲೂ ಹಾಕಿಕೊಡಿ: ಬಾಯ್ಸ್’, ವಿಮೆನ್’ಸ್. ಎರಡು ಬೋರ್ಡಲ್ಲಿ ಅಪಾಸ್ಟ್ರಫಿ ಬೇರೆ ಬೇರೆ ಜಾಗದಲ್ಲಿ ಇರುತ್ತದೆ, ಇರಲೇಬೇಕು.

ಬಟ್ಟೆ ಅಂಗಡಿಯವರ ವಿಷಯದಲ್ಲಿ ಒಂದು ದಾರಿ ಇದೆ. ಮೆನ್, ಎಸ್, ವೇರ್ ಮೂರನ್ನೂ ಕೂಡಿಸಿ, ನಡುವೆ ಜಾಗ ಬಿಡದೆ “ಮೆನ್ಸ್‌ವೇರ್” ಎಂದು ಬರೆದರೆ ಅದು ಡಿಕ್ಷನರಿಯಲ್ಲಿರುವ ಒಂದೇ ಪದ, ಅದಕ್ಕೆ ಅಪಾಸ್ಟ್ರಫಿ ಬೇಡ. ವಿಮೆನ್ಸ್‌ವೇರ್ ಕೂಡ ಹಾಗೇ. ಆದರೆ ವೇರ್‌ಗಿಂತ ಮೊದಲು ಜಾಗ ಬಿಟ್ಟಿರೋ, ಆಗ ಮೆನ್’ಸ್ ಆಗಲೇಬೇಕು. ಕ್ಲಾತಿಂಗ್, ಶೂಸ್, ಸಲೂನ್ ಥರದ ಪದ ಬಂದರೆ ಈ ದಾರಿ ಇಲ್ಲ, ಅಪಾಸ್ಟ್ರಫಿ ಹಾಕಿ ಬಿಡಿಸಿಯೇ ಬರೆಯಬೇಕು. ಕಿಡ್ಸ್ ಅನ್ನುವುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಅದು ಬಾಯ್ಸ್ ಜಾತಿಗೇ ಸೇರಿದ್ದು.

ಮೆನ್’ಸ್ ಅಂಡ್ ವಿಮೆನ್’ಸ್ ಎಂದು ಎರಡೂ ಒಂದೇ ಬೋರ್ಡಿನಲ್ಲಿ ಬಂದರೆ ಎರಡಕ್ಕೂ ಅಪಾಸ್ಟ್ರಫಿ ಬೇಕು. ಬಸ್ ಸ್ಟ್ಯಾಂಡಿನ ಶೌಚಾಲಯ ಇಬ್ಬರಿಗೂ ಬೇರೆ ಬೇರೆ ಇರುತ್ತದೆ. ಹಾಗೆ ಬೇರೆ ಬೇರೆ ಇದ್ದಾಗ ಪ್ರತಿ ಹೆಸರಿಗೂ ಅದರದೇ ಅಪಾಸ್ಟ್ರಫಿ.

ಈ ಪದಗಳು ಯಾಕೆ ಹೀಗೆ ಎಲ್ಲರಿಗಿಂತ ಬೇರೆ ನಡೆಯುತ್ತವೆ ಅನ್ನುವುದನ್ನು ತಿಳಿದುಕೊಂಡರೆ ನಿಯಮ ಮರೆಯುವುದಿಲ್ಲ, ಸ್ವಲ್ಪ ತಾಳ್ಮೆಯಿಂದ ಓದಿ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಬಹುವಚನ ಮಾಡಲು ಹಲವು ದಾರಿಗಳಿದ್ದವು. ಎಸ್ ಸೇರಿಸುವುದು ಅವುಗಳಲ್ಲಿ ಒಂದು ಮಾತ್ರ. ಕೆಲವು ಪದಗಳಲ್ಲಿ ಒಳಗಿನ ಸ್ವರವೇ ಬದಲಾಗುತ್ತಿತ್ತು. ಅದಕ್ಕೂ ಹಿಂದೆ ಆ ಪದಗಳ ಕೊನೆಯಲ್ಲಿ ಇಕಾರದ ಸದ್ದಿನ ಪ್ರತ್ಯಯ ಇತ್ತು, ಅದು ಒಳಗಿನ ಸ್ವರವನ್ನು ತನ್ನ ಕಡೆ ಎಳೆದುಕೊಂಡಿತು, ಆಮೇಲೆ ಪ್ರತ್ಯಯ ಬಿದ್ದುಹೋಯಿತು, ಬದಲಾದ ಸ್ವರ ಮಾತ್ರ ಉಳಿಯಿತು. ಮ್ಯಾನ್-ಮೆನ್, ಫುಟ್-ಫೀಟ್, ಟೂತ್-ಟೀತ್, ಗೂಸ್-ಗೀಸ್, ಮೌಸ್-ಮೈಸ್ ಎಲ್ಲ ಈ ಬಗೆಯವು. ಇನ್ನು ಕೆಲವಕ್ಕೆ ಎನ್ ಸೇರುತ್ತಿತ್ತು, ಆಕ್ಸ್-ಆಕ್ಸೆನ್ ಹಾಗೆ. ಚಿಲ್ಡ್ರನ್ ಪದದ ಕತೆ ಇನ್ನೂ ಸೊಗಸು. ಹಳೆಯ ಬಹುವಚನದಲ್ಲಿ ಆರ್ ಮಾತ್ರ ಇತ್ತು. ಅದು ಬಹುವಚನ ಅನ್ನುವುದೇ ಜನರಿಗೆ ಮಸುಕಾದಾಗ ಮೇಲೆ ಇನ್ನೊಂದು ಎನ್ ಸೇರಿಸಿದರು. ಅಂದರೆ ಚಿಲ್ಡ್ರನ್ ಎರಡು ಸಲ ಬಹುವಚನ ಆಗಿರುವ ಪದ. ಅದಕ್ಕೆ ಮೂರನೆಯ ಸಲ ಎಸ್ ಹಚ್ಚಿ ಬಹುವಚನ ಮಾಡುವ ಅಗತ್ಯ ಖಂಡಿತ ಇಲ್ಲ.

“ಅವರ, ಅದರ” ಎಂದು ಹೇಳುವ ಪ್ರತ್ಯಯ ಬೇರೆಯದೇ. ಅದು ಹಿಂದೆ ಇ-ಎಸ್ ಎಂದು ಎರಡು ಅಕ್ಷರ ಇತ್ತು. ಮ್ಯಾನ್ ಪದಕ್ಕೂ ಸೇರುತ್ತಿತ್ತು, ಮುಂದೆ ಮೆನ್ ಪದಕ್ಕೂ ಸೇರಿತು. ಕಾಲ ಕಳೆದಂತೆ ಮಾತಿನಲ್ಲಿ ಇ ಸದ್ದು ಸವೆದುಹೋಯಿತು. ಅಪಾಸ್ಟ್ರಫಿ ಇಂಗ್ಲಿಷಿಗೆ ಬಂದದ್ದು 16ನೇ ಶತಮಾನದಲ್ಲಿ, ಫ್ರೆಂಚ್ ಮುದ್ರಣದ ದಾರಿಯಿಂದ. ಬಿಟ್ಟುಹೋದ ಅಕ್ಷರದ ಜಾಗ ತೋರಿಸುವುದು ಅದರ ಕೆಲಸ. ಏಕವಚನದಲ್ಲಿ ಅದು ಗಟ್ಟಿಯಾಗಿ ನೆಲೆಯಾಗಿದ್ದು 17ನೇ ಶತಮಾನದ ಕೊನೆಯ ಹೊತ್ತಿಗೆ. ಬಾಯ್ಸ್’ ಥರ ಎಸ್ ಆದಮೇಲೆ ಹಾಕುವ ಪದ್ಧತಿ ಇನ್ನೂ ತಡವಾಗಿ, 18ನೇ ಶತಮಾನದಲ್ಲಿ ಬಂತು. ಅಂದರೆ ಮೆನ್’ಸ್ ಅನ್ನುವಲ್ಲಿ ಕಾಣುವ ಎಸ್ ಬಹುವಚನದ್ದಲ್ಲ, ಆ ಹಳೆಯ ಇ-ಎಸ್‌ನ ಉಳಿಕೆ. ಬಾಯ್ಸ್’ ಅನ್ನುವಲ್ಲಿ ಕಾಣುವುದು ಬಹುವಚನದ ಎಸ್. ಎರಡು ಎಸ್ ನೋಡಲು ಒಂದೇ, ಮಾಡುವ ಕೆಲಸ ಬೇರೆ. ಗೊಂದಲ ಎಲ್ಲ ಹುಟ್ಟುವುದು ಇಲ್ಲೇ.

ಈಗ ಶೀಪ್. ಹಳೆಯ ಇಂಗ್ಲಿಷಿನಲ್ಲಿ ಬಹುವಚನಕ್ಕೆ ಏನನ್ನೂ ಸೇರಿಸದ ಪದಗಳೂ ಇದ್ದವು. ಶೀಪ್, ಡೀರ್ ಅವುಗಳ ಪೈಕಿ. ಒಂದು ಕುರಿಯೂ ಶೀಪ್, ಒಂದು ಹಿಂಡೂ ಶೀಪ್. ಕೊನೆಯ ಅಕ್ಷರ ಪಿ. ಆದ್ದರಿಂದ ಒಂದಾದರೂ ಶೀಪ್’ಸ್, ನೂರಾದರೂ ಶೀಪ್’ಸ್. ಎಸ್ ಆದಮೇಲೆ ಹಾಕುವ ಹಾಗಿಲ್ಲ. ಆಗ ಒಂದು ಕುರಿಯೋ ಹಲವೋ ಅಂತ ಹೇಗೆ ತಿಳಿಯುವುದು ಎಂದು ಮಗಳು ಕೇಳಿಯೇ ಕೇಳುತ್ತಾಳೆ, ಕೇಳಬೇಕು ಕೂಡ. ಅಪಾಸ್ಟ್ರಫಿಯಿಂದ ತಿಳಿಯುವುದಿಲ್ಲ, ವಾಕ್ಯದಿಂದ ತಿಳಿಯುತ್ತದೆ. ಚಳ್ಳಕೆರೆ ಕಡೆಯ ಕಂಬಳಿಯ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೀರಿ ಅಂತ ಇಟ್ಟುಕೊಳ್ಳಿ. “ದಿಸ್ ಶೀಪ್’ಸ್ ವುಲ್” ಅಂದರೆ ಈ ಕುರಿಯ ಉಣ್ಣೆ, ಒಂದೇ ಕುರಿ. “ದೀಸ್ ಶೀಪ್’ಸ್ ವುಲ್” ಅಂದರೆ ಈ ಕುರಿಗಳ ಉಣ್ಣೆ. “ದಿ ಶೀಪ್’ಸ್ ವುಲ್” ಅಂದುಬಿಟ್ಟರೆ ಎರಡೂ ಆಗಬಹುದು, ಅಲ್ಲಿ “ದಿ ವುಲ್ ಆಫ್ ಟೆನ್ ಶೀಪ್” ಥರ ತಿರುಗಿಸಿ ಬರೆಯುವುದು ಒಳ್ಳೆಯದು. ಹೀಗೆ ತಿರುಗಿಸಿ ಬರೆಯುವುದನ್ನು ಮಕ್ಕಳು ಸೋಲು ಅಂದುಕೊಳ್ಳುತ್ತಾರೆ. ಇಂಗ್ಲಿಷ್ ಮನೆಮಾತಾಗಿರುವವರೂ ಬರೆಯುವಾಗ ಅದನ್ನೇ ಮಾಡುತ್ತಾರೆ.

ಎತ್ತುಗಳಿಗೂ ಒಂದು ವಾಕ್ಯ ಕೊಡಿ ಮಗಳಿಗೆ. ಅಮೃತ್ ಮಹಲ್ ಎತ್ತುಗಳ ಕೊಂಬು ಉದ್ದ, ಹಿಂದಕ್ಕೆ ಬಾಗಿ ತುದಿಯಲ್ಲಿ ಚೂಪಾಗಿರುತ್ತವೆ. ಒಂದು ಎತ್ತಿನದಾದರೆ ಆಕ್ಸ್’ಸ್ ಹಾರ್ನ್ಸ್, ಜೋಡಿ ಎತ್ತಿನದಾದರೆ ಆಕ್ಸೆನ್’ಸ್ ಹಾರ್ನ್ಸ್.

ಪರೀಕ್ಷೆಯಲ್ಲಿ ಜಾಸ್ತಿ ಮೋಸ ಹೋಗುವುದು ಮೈಸ್, ಗೀಸ್, ಲೈಸ್ ಪದಗಳಲ್ಲಿ. ಕಿವಿಗೆ ಕೊನೆಯಲ್ಲಿ ಸಕಾರ ಕೇಳಿಸುತ್ತದೆ, ಹಾಗಾಗಿ ಎಸ್ ಇದೆ ಅಂದುಕೊಂಡು ಬರೀ ಅಪಾಸ್ಟ್ರಫಿ ಹಾಕಿ ಬಿಡುತ್ತಾರೆ. ಬರೆಯುವಾಗ ಈ ಮೂರೂ ಪದಗಳ ಕೊನೆಯ ಅಕ್ಷರ ಇ. ಆದ್ದರಿಂದ ಅಪಾಸ್ಟ್ರಫಿ ಮತ್ತು ಎಸ್ ಎರಡೂ ಬೇಕು, ಓದುವಾಗಲೂ ಮೈಸಿಸ್, ಗೀಸಿಸ್ ಎಂದು ಇನ್ನೊಂದು ಸದ್ದು ಸೇರುತ್ತದೆ. ಕಣ್ಣಿಗೆ ಕಾಣುವ ಅಕ್ಷರ ನಂಬಿ, ಕಿವಿಯನ್ನು ನಂಬಬೇಡಿ.

ಇದಕ್ಕೆ ಉಲ್ಟಾ ಇನ್ನೊಂದು ಗುಂಪಿದೆ. ವೈಫ್-ವೈವ್ಸ್, ನೈಫ್-ನೈವ್ಸ್, ಥೀಫ್-ಥೀವ್ಸ್, ಕಾಫ್-ಕಾವ್ಸ್. ಪದದ ನಡುವೆ ಎಫ್ ಹೋಗಿ ವಿ ಬಂದಿದೆ, ನೋಡಲು ವಿಚಿತ್ರವಾಗಿದೆ, ಹಾಗಾಗಿ ಇದಕ್ಕೂ ಮೆನ್’ಸ್ ಥರ ಏನೋ ವಿಶೇಷ ಮಾಡಬೇಕು ಅಂತ ಅನಿಸುತ್ತದೆ. ಏನೂ ಬೇಡ. ಕೊನೆಗೆ ಎಸ್ ಇದೆ, ವೈವ್ಸ್’, ಥೀವ್ಸ್’, ಅಷ್ಟೇ.

ದಾವಣಗೆರೆಯಲ್ಲಿ ಮೆಡಿಕಲ್ ಕಾಲೇಜುಗಳಿವೆ, ನಿಮ್ಮ ಅಂಗಡಿಗೆ ಸೆಮಿನಾರ್ ಪೋಸ್ಟರ್‌ಗಳೂ ಬರುತ್ತಿರಬೇಕು. ಅಲ್ಲಿ ಲ್ಯಾಟಿನ್, ಗ್ರೀಕ್ ಬಹುವಚನಗಳು ಸಿಗುತ್ತವೆ. ಬ್ಯಾಕ್ಟೀರಿಯಾ, ಫಂಗೈ, ಕ್ರೈಟೀರಿಯಾ, ಅಲಮ್ನೈ ಪದಗಳ ಕೊನೆಗೆ ಎಸ್ ಇಲ್ಲ, ಬ್ಯಾಕ್ಟೀರಿಯಾ’ಸ್ ಹೀಗೆ ಬರೆಯಿರಿ. ಕ್ರೈಸೀಸ್, ಡಯಾಗ್ನೋಸೀಸ್, ಹೈಪಾಥಿಸೀಸ್ ಬಹುವಚನಗಳ ಕೊನೆಗೆ ಎಸ್ ಇದೆ, ಬರೀ ಅಪಾಸ್ಟ್ರಫಿ. ಅಲಮ್ನೈ ಅಸೋಸಿಯೇಷನ್ ಅನ್ನುವಾಗ ಯಾವುದೂ ಬೇಡ, ಅಲಮ್ನೈ ಅಲ್ಲಿ ಬಾಯ್ಸ್ ಹಾಸ್ಟೆಲ್‌ನ ಬಾಯ್ಸ್ ಥರ ಗುರುತಿಗೆ ನಿಂತಿದೆ.

“ವಿಮೆನ್ ಡಾಕ್ಟರ್ಸ್” ಎನ್ನುವುದನ್ನು ಮಾತ್ರ ಎಚ್ಚರದಿಂದ ನೋಡಿ. ಮಹಿಳಾ ವೈದ್ಯರು, ಎರಡೂ ಪದ ಬಹುವಚನ. ಅಪಾಸ್ಟ್ರಫಿ ಬೀಳುವುದು ಕೊನೆಯ ಪದಕ್ಕೆ. ಅದರ ಕೊನೆಗೆ ಎಸ್ ಇದೆ, ವಿಮೆನ್ ಡಾಕ್ಟರ್ಸ್’ ಅಸೋಸಿಯೇಷನ್. ಇಲ್ಲಿ ವಿಮೆನ್ ಪದಕ್ಕೆ ಏನನ್ನೂ ಹಚ್ಚಬೇಡಿ. ಬ್ರದರ್-ಇನ್-ಲಾ ಬಹುವಚನದಲ್ಲಿ ಎಸ್ ಮೊದಲ ಪದಕ್ಕೆ ಹೋಗುತ್ತದೆ, ಬ್ರದರ್ಸ್-ಇನ್-ಲಾ. ಆದರೆ ಪೂರ್ತಿ ಪದದ ಕೊನೆಯ ಅಕ್ಷರ ಡಬ್ಲ್ಯು. ಹಾಗಾಗಿ ಬ್ರದರ್ಸ್-ಇನ್-ಲಾ’ಸ್. ಎಸ್ ಎರಡು ಕಡೆ ಕಾಣುತ್ತದೆ, ಗಾಬರಿ ಬೇಡ, ಸರಿಯಾಗಿಯೇ ಇದೆ.

ಪೀಪಲ್ ಪದಕ್ಕೆ ಸಾಮಾನ್ಯವಾಗಿ ಪೀಪಲ್’ಸ್. ಜನ ಅನ್ನುವ ಅರ್ಥದಲ್ಲಿ ಅದು ಆಗಲೇ ಬಹುವಚನ. ಜನಾಂಗಗಳು ಅನ್ನುವ ಅರ್ಥದಲ್ಲಿ ಮಾತ್ರ ಪೀಪಲ್ಸ್ ಎಂಬ ಬಹುವಚನ ಇದೆ, ವಿಶ್ವಸಂಸ್ಥೆ 2007ರಲ್ಲಿ ಮೂಲನಿವಾಸಿಗಳ ಹಕ್ಕುಗಳ ಘೋಷಣೆ ಹೊರಡಿಸಿದಾಗ ಅದರ ಹೆಸರಿನಲ್ಲಿ ಬಳಸಿದ್ದು ಅದನ್ನೇ. ಆ ಅರ್ಥದಲ್ಲಿ ಬಂದರೆ ಪೀಪಲ್ಸ್’.

ವರ್ಷವಿಡೀ ನಿಮಗೆ ಬರುವ ಬ್ಯಾನರ್‌ಗಳಿಗೂ ಇದೇ ಲೆಕ್ಕ. ಮಾರ್ಚ್ 8ಕ್ಕೆ ವಿಮೆನ್’ಸ್ ಡೇ. ನವೆಂಬರ್ 14ಕ್ಕೆ ಚಿಲ್ಡ್ರನ್’ಸ್ ಡೇ. ಸೆಪ್ಟೆಂಬರ್ 5ಕ್ಕೆ ಟೀಚರ್ಸ್’ ಡೇ, ಅದೇ ತಿಂಗಳ 15ಕ್ಕೆ ವಿಶ್ವೇಶ್ವರಯ್ಯನವರ ಹುಟ್ಟುಹಬ್ಬದ ದಿನ ಎಂಜಿನಿಯರ್ಸ್’ ಡೇ, ಡಿಸೆಂಬರ್ 23ಕ್ಕೆ ಫಾರ್ಮರ್ಸ್’ ಡೇ. ಮದರ್’ಸ್ ಡೇ ಮಾತ್ರ ಏಕವಚನ. ಅಮೆರಿಕದಲ್ಲಿ ಆ ದಿನ ಶುರು ಮಾಡಿಸಿದ ಆನ್ನಾ ಜಾರ್ವಿಸ್ ಅವರೇ ಹಾಗಿರಲಿ ಎಂದು ಹಟ ಹಿಡಿದಿದ್ದರು, ಪ್ರತಿ ಮನೆಯವರೂ ತಮ್ಮ ತಮ್ಮ ಒಬ್ಬ ತಾಯಿಯನ್ನು ನೆನೆಯುವ ದಿನ ಅದು ಎಂಬುದು ಅವರ ಆಸೆ. 1914ರಲ್ಲಿ ಅಲ್ಲಿನ ಸರ್ಕಾರ ಆ ದಿನಕ್ಕೆ ಮನ್ನಣೆ ಕೊಟ್ಟಾಗಲೂ ಏಕವಚನವೇ ಉಳಿಯಿತು.

ಇನ್ನು ಒಂದು ಕಡೆ ಮಾತ್ರ ನಿಮ್ಮ ವ್ಯಾಕರಣ ಬದಿಗಿಡಬೇಕಾಗುತ್ತದೆ. ಸಂಘ ಸಂಸ್ಥೆಯ ಹೆಸರು ನೋಂದಣಿ ಪತ್ರದಲ್ಲಿ ಹೇಗಿದೆಯೋ ಬೋರ್ಡಿನಲ್ಲೂ ಹಾಗೇ ಇರಬೇಕು, ಯಾಕೆಂದರೆ ಅದು ಅವರ ಕಾನೂನಿನ ಹೆಸರು. ಅಮೆರಿಕದಲ್ಲಿ ಊರು, ಬೆಟ್ಟ, ನದಿಗಳ ಹೆಸರು ತೀರ್ಮಾನಿಸುವ ಸರ್ಕಾರಿ ಮಂಡಳಿ 1890ರಿಂದಲೂ ಹೆಸರುಗಳಲ್ಲಿ ಇಂಥ ಅಪಾಸ್ಟ್ರಫಿಗೆ ಒಪ್ಪುವುದಿಲ್ಲ, ಬೆರಳೆಣಿಕೆಯ ಹೆಸರುಗಳಿಗೆ ಮಾತ್ರ ವಿನಾಯಿತಿ ಕೊಟ್ಟಿದೆ. ಹೆಸರು ಅಂದಮೇಲೆ ಅದಕ್ಕೆ ಅದರದೇ ಹಾದಿ. ಹಾಗಾಗಿ ಸಂಘದವರು, ಕಾಲೇಜಿನವರು ಬಂದಾಗ ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ನೋಡಿ ಪ್ರಿಂಟಿಗೆ ಹಾಕಬೇಡಿ, ನೋಂದಣಿ ಪತ್ರದ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಲು ಹೇಳಿ. ಅದರಲ್ಲೇ ತಪ್ಪು ರೂಪ ಇದ್ದರೆ ಅವರಿಗೆ ತಿಳಿಸಿ, ಹೆಸರು ಹಾಗೇ ಇರಲಿ ಎಂದು ಅವರಿಂದ ಬರೆಸಿಕೊಂಡು ಆಮೇಲೆ ಪ್ರಿಂಟ್ ತೆಗೆಯಿರಿ.